ಖಾಲಿ ಡಬ್ಬಿ, ತುಂಬಿದ ಬಾಟಲಿ

ಕುಡಿಯುವವರ ಮನೆಯಲ್ಲಿ ಹತ್ತು ಬಾಟಲಿ ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಕುಡಿಯದವರ ಮನೆಯಲ್ಲಿ ಒಂದೇ ಒಂದು ಇದ್ದರೆ ಸಾಕು, ಬಂದವರ ಕಣ್ಣೆಲ್ಲ ಅದರ ಮೇಲೇ. ಲಂಡನ್ನಿನ ಕೊಲಿಂಡೇಲಿನ ನನ್ನ ಫ್ಲ್ಯಾಟಿನಲ್ಲಿ ನಾಲ್ಕು ವರ್ಷ ಅಂಥದ್ದೊಂದು ಬಾಟಲಿ ಇತ್ತು. ಅದನ್ನು ಅಡುಗೆಮನೆಯಲ್ಲಿ ಕುಸುಬಿ ಎಣ್ಣೆಯ ಬಾಟಲಿಯ ಹಿಂದೆ ನಿಲ್ಲಿಸಿದ್ದೆ. ಎರಡರ ಬಣ್ಣವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಂದವರಿಗೆ ಗೊತ್ತಾಗಲಿಕ್ಕಿಲ್ಲ ಎಂಬ ಧೈರ್ಯ. ಬಂದವರು ಅಂದೆನಲ್ಲ, ಅದು ಬರೀ ಮಾತಿಗೆ. ಆ ನಾಲ್ಕು ವರ್ಷಗಳಲ್ಲಿ ನನ್ನ ಅಡುಗೆಮನೆಯವರೆಗೆ ಬಂದವರು ಇಬ್ಬರೇ, ಬಾಯ್ಲರ್ ರಿಪೇರಿಯವನು ಮತ್ತು ಕೆಳಗಿನ ಫ್ಲ್ಯಾಟಿನ ಲಾರೆನ್ಸ್. ಧಾರವಾಡದಲ್ಲಿ ಬಾಗಿಲಿಗೆ ಚಿಲಕ ಹಾಕಲು ಪುರುಸೊತ್ತಿಲ್ಲದಷ್ಟು ಜನ ಬಂದು ಹೋಗುವ ಮನೆಯಲ್ಲಿ ಬೆಳೆದವಳು ನಾನು. ಇಲ್ಲಿ ಬೆಲ್ ಆದರೆ ಪಕ್ಕದ ಮನೆಯದ್ದಿರಬೇಕು ಎಂದುಕೊಂಡು ಕೂತಲ್ಲೇ ಕೂತಿರುತ್ತೇನೆ.

ಬಾಟಲಿ ಕೊಟ್ಟವಳು ಪಿಲಾರ್. ಕ್ಯಾನರಿ ವಾರ್ಫಿನ ಒಂದು ದೊಡ್ಡ ಆಫೀಸಿನ ನೆಲಮಾಳಿಗೆಯಲ್ಲಿ, ಹಳೆಯ ಫೈಲುಗಳ ಕೋಣೆಯಲ್ಲಿ, ನಾವಿಬ್ಬರೂ ಏಳು ವರ್ಷ ಎದುರುಬದುರು ಕೂತು ಕೆಲಸ ಮಾಡಿದೆವು. ಮೇಲಿನ ಮಹಡಿಯವರಿಗೆಲ್ಲ ಗಾಜು, ನದಿ, ಆಕಾಶ, ನಮಗೆ ಟ್ಯೂಬ್‌ಲೈಟು. ಅವಳ ಇಂಗ್ಲಿಷು ಸ್ಪೇನಿನಿಂದ ಹೊರಡುತ್ತಿತ್ತು, ನನ್ನದು ಧಾರವಾಡದಿಂದ; ನಡುವೆ ಎಲ್ಲೋ ಭೇಟಿಯಾಗುತ್ತಿದ್ದವು. ಪಿಲಾರ್ ರಿಯೋಹಾ ಸೀಮೆಯವಳು. ಎಬ್ರೋ ಹೊಳೆಯ ದಂಡೆಯ ಸಣ್ಣ ಊರಿನಲ್ಲಿ ಅವಳ ಅಜ್ಜ, ಅಪ್ಪ, ಅಣ್ಣ ಎಲ್ಲರೂ ವೈನ್ ಮಾಡುವವರು. "ಇದೂ ಒಂದು ನೆಲಮಾಳಿಗೆಯಾ? ನಮ್ಮೂರಿನದನ್ನು ನೀನು ನೋಡಬೇಕು" ಎಂದು ಊಟದ ಹೊತ್ತಿಗೆ ಶುರುಮಾಡುತ್ತಿದ್ದಳು. ಅಲ್ಲಿ ಬಿಳಿ ವೈನನ್ನೂ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರಂತೆ. ಆಗಾಗ ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಬಸಿಯುತ್ತಾರಂತೆ. ತಳದ ಗಸಿ ಬಂತೋ ಇಲ್ಲವೋ ಎಂದು ಮೇಣದಬತ್ತಿ ಹಿಡಿದು ನೋಡುತ್ತಾರಂತೆ. ಆಮೇಲೆ ಬಾಟಲಿಗೆ ತುಂಬಿ ಮತ್ತೆ ವರ್ಷಗಟ್ಟಲೆ ಕತ್ತಲಲ್ಲಿ ಮಲಗಿಸುವುದು. ಗೋಡೆ ತುಂಬ ಜೇಡರ ಬಲೆ. ಬಿರಡೆ ಕೊರೆಯುವ ಹುಳುಗಳನ್ನು ಜೇಡ ತಿನ್ನುತ್ತದೆಂದು ಯಾರೂ ಗುಡಿಸುವುದಿಲ್ಲವಂತೆ. ನಮ್ಮ ಅವ್ವ ಒಮ್ಮೆ ಆ ನೆಲಮಾಳಿಗೆಗೆ ಇಳಿದಿದ್ದರೆ ಕಸಬರಿಗೆ ಹಿಡಿದು ರಿಯೋಹಾದ ಪರಂಪರೆಯನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಿದ್ದಳು. "ಈಗಿನವರು ಸ್ಟೀಲ್ ಟ್ಯಾಂಕಿನಲ್ಲಿ ಮಾಡಿ ವರ್ಷದೊಳಗೆ ಮಾರಿಬಿಡುತ್ತಾರೆ. ನನ್ನ ಅಣ್ಣ ಮಾತ್ರ ಕಾಯುತ್ತಾನೆ" ಎನ್ನುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಗಮನ ಅವಳು ತಂದ ಸುಟ್ಟ ಕೆಂಪು ಮೆಣಸಿನಕಾಯಿಯ ಮೇಲೆ ಇರುತ್ತಿತ್ತು.

ಆ ಮೆಣಸಿನಕಾಯಿ ಬರುತ್ತಿದ್ದದ್ದು ನನ್ನದೇ ಸ್ಟೀಲ್ ಡಬ್ಬಿಯಲ್ಲಿ. ಮೊದಲ ವರ್ಷ ಅವಳಿಗೆ ಬೇಸನ್ ಉಂಡಿ ಹಾಕಿ ಕೊಟ್ಟಿದ್ದೆ. ಮರುದಿನ ಡಬ್ಬಿಯನ್ನು ಫಳಫಳ ತೊಳೆದು ಖಾಲಿ ತಂದು ಕೊಟ್ಟಳು. ನಾನು ಮುಖ ಗಂಟು ಹಾಕಿಕೊಂಡೆ. ಚಿಕ್ಕವಳಿದ್ದಾಗ ಪಕ್ಕದ ಮನೆಯ ಪಾತ್ರೆ ಹಿಂದಿರುಗಿಸಲು ಹೊರಟರೆ ಅವ್ವ ತಡೆದು, "ಹುಚ್ಚಿ, ಖಾಲಿ ಡಬ್ಬಿ ಒಯ್ದು ಕೊಡ್ತಾರೇನ? ಏನೂ ಇರಲಿಲ್ಲಂದ್ರ ನಾಕು ಹಳ್ಳು ಸಕ್ಕರಿನರ ಹಾಕ" ಎನ್ನುತ್ತಿದ್ದಳು. ಇದನ್ನೇ ಇಂಗ್ಲಿಷಿಗೆ ತಿರುಗಿಸಿ ಪಿಲಾರಳಿಗೆ ದೊಡ್ಡ ಪಾಠ ಮಾಡಿದೆ. ಪಾಪ, ಅವಳು ಹೆದರಿಯೇ ಬಿಟ್ಟಳು. ಅಂದಿನಿಂದ ಆ ಡಬ್ಬಿ ಏಳು ವರ್ಷ ನಮ್ಮಿಬ್ಬರ ನಡುವೆ ಓಡಾಡಿತು, ಒಂದು ದಿನವೂ ಖಾಲಿ ಇರಲಿಲ್ಲ. ಲಂಡನ್ನಿನಲ್ಲಿ ನನಗಿದ್ದ ಒಬ್ಬಳೇ ಗೆಳತಿ ಅವಳು.

ಒಂದು ದಿನ ಪಿಲಾರಳ ಅಮ್ಮ ಹಾಸಿಗೆ ಹಿಡಿದ ಸುದ್ದಿ ಬಂತು. ಅವಳು ಕೆಲಸ ಬಿಟ್ಟು ಊರಿಗೆ ಹೊರಟಳು. ಡಬ್ಬಿ ಅವಳ ಮನೆಯಲ್ಲೇ ಉಳಿಯಿತು. ಕೊನೆಯ ದಿನ ಕೋಟಿನೊಳಗಿಂದ ಬಾಟಲಿ ತೆಗೆದು, "ಅಣ್ಣನ ಬಿಳಿ ವೈನ್. ಹೇಗಿತ್ತು ಅಂತ ಬರೆ" ಎಂದಳು. ನಾನು ಕುಡಿಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಕೊಟ್ಟಳು, ಆದರೂ ತೆಗೆದುಕೊಂಡೆ.

ಅಲ್ಲಿಂದ ನನ್ನ ಫಜೀತಿ ಶುರುವಾಯಿತು. ರುಚಿ ನೋಡದೆ ಹೇಗೆ ಬರೆಯುವುದು? ಪ್ರತಿ ಭಾನುವಾರ ಬಾಟಲಿ ಕೆಳಗಿಳಿಸಿ ಧೂಳು ಒರೆಸಿ, ಇವತ್ತು ಒಂದು ಗುಟುಕು ಕುಡಿದು ಬರೆದೇ ಬಿಡೋಣ ಎಂದುಕೊಳ್ಳುತ್ತಿದ್ದೆ. ಬಿರಡೆ ತೆಗೆಯುವ ಸಲಕರಣೆ ಇರಲಿಲ್ಲ. ಕೊಳ್ಳಲು ಹೋದರೆ ಕನ್ನಡದವರು ಯಾರಾದರೂ ನೋಡಿಬಿಟ್ಟರೆ? ಅದೆಲ್ಲ ನೆಪ. ಕಿಟಕಿಯ ಪಕ್ಕ ಒಂದೇ ಕುರ್ಚಿ, ಒಂದೇ ಲೋಟ ಇಟ್ಟುಕೊಂಡು ಕೂರಬೇಕಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ. ಹೀಗೆ ವಾರ ತಿಂಗಳಾಗಿ, ತಿಂಗಳು ವರ್ಷವಾಯಿತು. ಅವಳಿಂದಲೂ ಒಂದು ಕಾರ್ಡು ಬರಲಿಲ್ಲ. ನನ್ನನ್ನು ಮರೆತೇಬಿಟ್ಟಳು ಎಂದು ಅವಳ ಮೇಲೆ ಸಿಟ್ಟು ಮಾಡಿಕೊಂಡೆ. ಎದುರಿನ ಮೇಜಿಗೆ ಬಂದ ಹೊಸ ಹುಡುಗಿ ಕಿವಿಗೆ ವಯರು ಸಿಕ್ಕಿಸಿಕೊಂಡು ಊಟ ಮಾಡುತ್ತಿದ್ದಳು. ನಾನು ಫೈಲುಗಳ ಮುಖ ನೋಡುತ್ತ ಚಪಾತಿ ತಿನ್ನುತ್ತಿದ್ದೆ.

ನಾಲ್ಕನೇ ವರ್ಷ ಲಾರೆನ್ಸ್ ಒಂದು ಸ್ಕ್ರೂಡ್ರೈವರ್ ಕೇಳಿಕೊಂಡು ಮೇಲೆ ಬಂದರು. ಉಡುಪಿ ಕಡೆಯವರು, ಕ್ರಿಸ್‌ಮಸ್ಸಿಗೆ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುವವರು. ಅವರ ಕಣ್ಣಿಗೆ ಕುಸುಬಿ ಎಣ್ಣೆ ಅಡ್ಡ ಬರಲಿಲ್ಲ.

"ಎಂತ ಮಾರಾಯ್ರೆ, ಬಿಳಿ ವೈನನ್ನು ಯಾರಾದ್ರೂ ಇಷ್ಟು ವರ್ಷ ಇಡ್ತಾರಾ? ಅದೂ ಬಾಯ್ಲರಿನ ಹತ್ರ! ಅದು ಹುಳಿ ಬಂದು ಹೋಗಿರ್ತದೆ. ಸಿಂಕಿಗೆ ಹೊಯ್ದು ಬಿಡಿ."

ಜೇಡರ ಬಲೆಯ ನಡುವೆ ತಣ್ಣಗೆ ಮಲಗಿ ಕಾಯಬೇಕಾದ್ದನ್ನು ನಾನು ಬಾಯ್ಲರಿನ ಬಿಸಿಗೆ ನಿಲ್ಲಿಸಿ ಕೊಂದಿದ್ದೆ. ಅವಳ ಕೊನೆಯ ವಸ್ತುವೂ ಹೋಯಿತು ಎನ್ನಿಸಿ ಅಳು ಬಂತು. ಮರುದಿನ ಸೂಪರ್‌ಮಾರ್ಕೆಟ್ಟಿಗೆ ಹೋಗಿ, ಅತ್ತಿತ್ತ ನೋಡಿ, ಯಾವುದೋ ಒಂದು ಬಿಳಿ ವೈನಿನ ಹಿಂದಿನ ಲೇಬಲ್ ಓದಿದೆ. ಸಂಜೆಗೆ ಪತ್ರ ತಯಾರು: "ನಿನ್ನ ಅಣ್ಣನ ವೈನ್ ಬಹಳ ಚೆನ್ನಾಗಿತ್ತು. ತಾಜಾ ನಿಂಬೆ, ಹಸಿರು ಸೇಬು, ಎಳೆ ಹುಲ್ಲಿನ ಪರಿಮಳ."

ಆರು ವಾರದ ಮೇಲೆ ಉತ್ತರ ಬಂತು.

"ಹಸಿರು ಸೇಬಾ? ಪತ್ರವನ್ನು ಅಣ್ಣನಿಗೆ ಓದಿ ಹೇಳಿದೆ, ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮರದಲ್ಲಿ ಆರು ವರ್ಷ ಇದ್ದ ವೈನಿಗೆ ಎಳೆ ಹುಲ್ಲು ಎಲ್ಲಿಂದ ಬರಬೇಕು? ಬಾದಾಮಿ, ಜೇನು, ಹಳೆಯ ಮರ ಅಂತ ಬರೆದಿದ್ದರೆ ನಂಬುತ್ತಿದ್ದೆ. ಏಳು ವರ್ಷ ನಾನು ಹೇಳಿದ್ದು ಒಂದೂ ನಿನ್ನ ಕಿವಿಗೆ ಬಿದ್ದಿಲ್ಲ. ನೀನು ಅದನ್ನು ತೆಗೆದಿಲ್ಲ ಅಂತ ಗೊತ್ತಾಗಿ ಖುಷಿಯಾಯಿತು. ಕೆಟ್ಟಿದ್ದರೂ ಇರಲಿ, ಚೆಲ್ಲಬೇಡ. ನಿನ್ನ ಡಬ್ಬಿ ನನ್ನ ಹತ್ತಿರವೇ ಇದೆ. ಖಾಲಿ ಕೊಡಬಾರದು ಎಂದು ಬೈದವಳು ನೀನು. ಏನು ತುಂಬಲಿ? ಬಾದಾಮಿ ಹಾಕಿದೆ, ಸಾಲದು ಎನ್ನಿಸಿ ತೆಗೆದೆ. ಅಮ್ಮ ತೀರಿಕೊಂಡ ವರ್ಷ ಹಾಕಲು ಏನೂ ಹೊಳೆಯಲಿಲ್ಲ. ಖಾಲಿ ಡಬ್ಬಿ ಇಟ್ಟುಕೊಂಡು ಯಾವ ಮುಖದಿಂದ ನಿನಗೆ ಬರೆಯಲಿ?"

ತುಂಬಿದ ಬಾಟಲಿಯ ಮುಂದೆ ನಾನು ಇಲ್ಲಿ ಬಾಯಿ ಮುಚ್ಚಿ ಕೂತಿದ್ದೆ, ಖಾಲಿ ಡಬ್ಬಿಯ ಮುಂದೆ ಅವಳು ಅಲ್ಲಿ. ಅವಳಮ್ಮ ಹೋದದ್ದೂ ನನಗೆ ತಿಳಿಯಲಿಲ್ಲ. ಅವ್ವ ಹೇಳಿದ್ದು ನಾಕು ಹಳ್ಳು ಸಕ್ಕರೆ. ಅದನ್ನು ದೊಡ್ಡ ಕಾನೂನು ಮಾಡಿ ಪರದೇಶದವಳ ತಲೆಗೆ ತುಂಬಿದವಳು ನಾನೇ.

ಅಂದೇ ಉತ್ತರ ಬರೆದೆ: "ಬಾಟಲಿ ಇನ್ನೂ ತೆಗೆದಿಲ್ಲ. ತೆಗೆಯುವ ಸಲಕರಣೆ ತೆಗೆದುಕೊಂಡು ನೀನೇ ಬಾ. ಎರಡನೇ ಕುರ್ಚಿ ತರುತ್ತೇನೆ. ಡಬ್ಬಿ ಖಾಲಿಯೇ ಇರಲಿ, ನಾನು ಏನೂ ಅಂದುಕೊಳ್ಳುವುದಿಲ್ಲ."

ಈ ಪತ್ರದಲ್ಲಿ ಕೊನೆಯ ವಾಕ್ಯವೊಂದು ಬಿಟ್ಟು ಉಳಿದದ್ದೆಲ್ಲ ಸತ್ಯ. ಪಿಲಾರ್ ಬಂದು ಬಾಗಿಲಲ್ಲಿ ನಿಂತರೆ, ಒಳಗೆ ಬಾ ಎನ್ನುವುದಕ್ಕೂ ಮೊದಲು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವವಳು ನಾನು.