ಬಿಳಿ ದೊರೆಯ ಕಾದಂಬರಿ ಮತ್ತು ನನ್ನ ಕೆಲಸ

ಯಾವುದು ಆಗಬಾರದು ಅಂತ ನಾನು ಬೆವರುತ್ತೇನೋ ಅದೇ ನನ್ನ ಕ್ಲಾಸಿನಲ್ಲಿ ಆಗುತ್ತದೆ. ಮೂಡಿಗೆರೆ ಕಡೆಯ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ, ಆಡಳಿತ ಮಂಡಳಿಯ ಅಧ್ಯಕ್ಷರು ತಲೆಯಾಡಿಸಿದರೆ ಮಾತ್ರ ಮುಂದಿನ ವರ್ಷವೂ ಇರುವವನು. ಅಧ್ಯಕ್ಷರದು ಬಾಳೂರು ಕಡೆ ದೊಡ್ಡ ಕಾಫಿ ಎಸ್ಟೇಟು. ಅವರ ಮಗಳು ನನ್ನ ವಿದ್ಯಾರ್ಥಿನಿ. ಅದೇ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇರುವ ಕೂಲಿ ಹೆಂಗಸಿನ ಮಗನೂ ನನ್ನ ವಿದ್ಯಾರ್ಥಿ. ಈ ವರ್ಷ ಪಠ್ಯಕ್ಕೆ ಬಂದದ್ದೋ, ಬಿಳಿ ದೊರೆಯ ತೋಟದಲ್ಲಿ ಕಪ್ಪು ಜನ ಪಟ್ಟ ಪಾಡಿನ ಹಳೆಯ ಕಾದಂಬರಿ.

ಹಿಂಬಾಗಿಲು

"ಕಪ್ಪು ಜನ ದೊರೆಯ ಮನೆಗೆ ಹಿಂಬಾಗಿಲಿಂದ ಬರಬೇಕಿತ್ತು. ಯಾಕೆ?" ಎಂದು ಕೇಳಿದೆ. ಲೈನ್ ಮನೆಯ ಹುಡುಗ ಎದ್ದು, "ಮುಂದ್ಗಡೆ ನಾಯಿ ಕಟ್ಟಿರ್ತಾರೆ ಸಾರ್" ಎಂದ.

"ಕಾದಂಬರೀಲಿ ನಾಯಿ ಎಲ್ಲಿದೆಯಪ್ಪ?"

"ಕಾದಂಬರೀಲಿಲ್ಲ ಸಾರ್, ಸಾವ್ಕಾರ್ರ ಮನೇಲಿದೆ."

ಅಧ್ಯಕ್ಷರ ಮಗಳು ಗಕ್ಕನೆ ತಿರುಗಿದಳು. "ನಮ್ ನಾಯಿ ಪಾಪದ್ದು ಮಾರಾಯ, ಯಾರಿಗೂ ಕಚ್ಚಲ್ಲ."

"ನೆಂಟರಿಗೆ ಕಚ್ಚಲ್ಲ. ಕೆಲಸಕ್ಕೆ ಬಂದೋರಿಗೆ ಕಚ್ಚುತ್ತೆ."

ಯಾರು ಸರಿ ಎಂದು ಇಡೀ ಕ್ಲಾಸು ನನ್ನ ಮುಖ ನೋಡಿತು. ನನ್ನ ಕಣ್ಣಿಗೆ ಅಧ್ಯಕ್ಷರ ಮುಖ ಕಟ್ಟಿತು. "ನಾಯಿ ಪರೀಕ್ಷೆಗೆ ಬರಲ್ಲ, ಮುಂದಕ್ಕೆ ಹೋಗೋಣ" ಎಂದೆ.

ಮುಂದಿನ ಸೀಟು

ಸಂಜೆ ಕೊಟ್ಟಿಗೆಹಾರದಿಂದ ಜೀಪು. ಮೇಷ್ಟ್ರು ಎಂದು ಡ್ರೈವರ್ ಕಾಕ ನನ್ನನ್ನು ಮುಂದೆ ಕೂರಿಸಿದರು. ಹಿಂದೆ ಕಾಫಿ ಹಣ್ಣು ಕುಯ್ಯುವ ಹೆಂಗಸರು ಒಬ್ಬರ ಮೇಲೊಬ್ಬರು ಕೂತಿದ್ದರು. ಕಾದಂಬರಿಯಲ್ಲಿ ಚರ್ಮದ ಬಣ್ಣ ನೋಡಿ ಸೀಟು ಕೊಡುವ ಕಥೆಯನ್ನು ಕಾಕನಿಗೆ ಹೇಳಿದೆ.

ಕಾಕ ಸ್ಟೇರಿಂಗ್ ಮೇಲೆ ಗುದ್ದಿದರು. "ಛೆ ಛೆ, ಎಂಥಾ ಜನ ಸಾರ್ ಅವ್ರು! ನನ್ ಜೀಪಲ್ಲಿ ಅಂಥದ್ದೆಲ್ಲ ನಡಿಯೋದೇ ಇಲ್ಲ. ಎಲ್ರೂ ಸಮ." ಅಷ್ಟರಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೈ ಅಡ್ಡ ಹಿಡಿದರು. ಕಾಕ ಬ್ರೇಕ್ ಹಾಕಿ ನನ್ನ ಕಡೆ ತಿರುಗಿದರು.

"ಸಾರ್, ನೀವು ಸ್ವಲ್ಪ ಹಿಂದಕ್ಕೆ ಹೋಗಿ. ರೈಟ್ರು ಬಂದ್ರು."

ಲೋಟ

ವರ್ಷದ ಕೊನೆಗೆ ಕಾದಂಬರಿಯ ಒಂದು ದೃಶ್ಯವನ್ನು ನಾಟಕ ಮಾಡಿಸಬೇಕಾಯಿತು. ಮುಖ್ಯ ಅತಿಥಿ ಅಧ್ಯಕ್ಷರೇ. ಪಾತ್ರ ನಾನೇ ಹಂಚಿದರೆ ನನ್ನ ತಲೆಗೇ ಬರುತ್ತದೆಂದು ಚೀಟಿ ಎತ್ತಿಸಿದೆ. ಲೈನ್ ಮನೆಯ ಹುಡುಗನಿಗೆ ದೊರೆಯ ಪಾತ್ರ ಬಂತು, ಅಧ್ಯಕ್ಷರ ಮಗಳಿಗೆ ಕೂಲಿಯವಳದು. ನನಗೆ ಎರಡು ವಾರ ನಿದ್ದೆ ಬರಲಿಲ್ಲ.

ಆ ಹುಡುಗಿ ಉತ್ಸಾಹದಲ್ಲಿ ಮನೆಯಿಂದಲೇ ಒಂದು ಸ್ಟೀಲ್ ಲೋಟ ತಂದಿದ್ದಳು. ಹಿತ್ತಲ ಗೋಡೆಯ ಮೇಲೆ ಆಳುಗಳಿಗೆಂದೇ ಬೋರಲು ಹಾಕಿಡುವ ಲೋಟ. ವೇದಿಕೆಯಲ್ಲಿ ದೊರೆ ಅದಕ್ಕೆ ಎತ್ತರದಿಂದ ನೀರು ಹೊಯ್ದ. ಕೂಲಿಯವಳು ಅಂಗಳದಲ್ಲಿ ನಿಂತು ಕುಡಿದಳು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ನಾನು ಉಸಿರು ಬಿಟ್ಟೆ.

ಆಮೇಲೆ ಕಾಫಿ. ಲೋಟ ಕಮ್ಮಿಬಿದ್ದು ಅಟೆಂಡರ್ ನಾಟಕದ ಆ ಲೋಟವನ್ನೇ ತೊಳೆದು ಅಧ್ಯಕ್ಷರ ಕೈಗೇ ಕೊಟ್ಟುಬಿಟ್ಟ. ಅಧ್ಯಕ್ಷರು ಕುಡಿಯುತ್ತಲೇ ಭಾಷಣ ಶುರುಮಾಡಿದರು. "ನಮ್ಮ ಮಲೆನಾಡಲ್ಲಿ ಇಂಥ ಭೇದಭಾವ ಇಲ್ಲ. ಮಾಲೀಕ, ಕೂಲಿ, ಎಲ್ರೂ ಒಂದೇ."

ಮಗನ ನಾಟಕ ನೋಡಲು ಬಂದಿದ್ದ ಲೈನ್ ಮನೆಯ ಹುಡುಗನ ತಾಯಿ ಕೊನೆ ಸಾಲಿನಿಂದ ಗಾಬರಿಯಲ್ಲಿ ಎದ್ದಳು. "ಅಯ್ಯೋ ಸಾವ್ಕಾರ್ರೇ, ಅದ್ರಲ್ಲಿ ಕುಡೀಬೇಡಿ! ಅದು ನಮ್ ಲೋಟ!"

ಅಧ್ಯಕ್ಷರು ಲೋಟ ನೋಡಿದರು, ಸಭೆ ನೋಡಿದರು, ನನ್ನನ್ನೂ ನೋಡಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಎಲ್ಲರೂ ಒಂದೇ ಎಂದು ಮಾತಾಡಿಯಾಗಿತ್ತಲ್ಲ, ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ನಿಮ್ದಾದ್ರೇನು, ನಮ್ದಾದ್ರೇನು" ಎಂದರು.

"ಹಂಗಾದ್ರೆ ನಾಳೆಯಿಂದ ನಮಗೆ ನಿಮ್ ಲೋಟದಲ್ಲೇ ಕೊಡಿ. ಅದು ಸ್ವಲ್ಪ ದೊಡ್ದು" ಎಂದಳು ಆಕೆ.

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರೂ ನಗಲೇಬೇಕಾಯಿತು. ನನಗಂತೂ ಆ ತಾಯಿಯ ಕಾಲಿಗೆ ಬೀಳಬೇಕು ಅನಿಸಿತು, ಹಿಂಬದಿಯಿಂದ ಓಡಿಹೋಗಬೇಕು ಅಂತಲೂ ಅನಿಸಿತು.

ಹೊರಡುವಾಗ ಅಧ್ಯಕ್ಷರು ನನ್ನನ್ನು ಕರೆದರು. "ಮೇಷ್ಟ್ರೇ, ಮುಂದಿನ ವರ್ಷ ಈ ದೊರೆ, ಕೂಲಿ ಎಲ್ಲ ಬೇಡ. ಯಾವ್ದಾದ್ರೂ ಪ್ರೇಮಕಥೆ ಆಡ್ಸಿ."

ಮುಂದಿನ ವರ್ಷ! ಕೆಲಸ ಉಳಿಯಿತು ಎಂದು ನನ್ನ ಕಣ್ಣಲ್ಲಿ ನೀರೇ ಬಂತು.

"ಹೌದು ಸಾರ್, ಪ್ರೇಮಕಥೆನೇ ಮಾಡ್ಸಿ" ಎಂದಳು ಪಕ್ಕದಲ್ಲಿದ್ದ ಮಗಳು. "ಈ ಸಲ ಚೀಟಿ ಬೇಡ. ನಾವಿಬ್ರು ರೆಡಿ ಇದೀವಿ."

ಅವಳ ಹಿಂದೆ ನಿಂತಿದ್ದ ದೊರೆಯ ಪಾತ್ರದ ಹುಡುಗ ತಲೆ ಎತ್ತಿ ಮಾಡಿನ ಹೆಂಚು ನೋಡತೊಡಗಿದ. ನಾನು ಮತ್ತೆ ಬೆವರತೊಡಗಿದೆ.