ನಾನು ಹಿತುಕಿದ ಗಣಿತ

ನನ್ನ ಬಲಗೈ ಹೆಬ್ಬೆರಳಿನ ಬಗ್ಗೆ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಹೇಳುವಂಥ ಬೆರಳೂ ಅಲ್ಲ ಅದು. ಸೀಮೆಸುಣ್ಣ ಹಿಡಿಯಲು, ಹಾಜರಿ ಹಾಕಲು, ಕೊರೋನಾ ಬಂದ ಮೇಲೆ ವಾಟ್ಸಾಪಿನ ಆದೇಶಗಳನ್ನೆಲ್ಲ ಓದದೆ ಮೇಲಕ್ಕೆ ಸರಿಸಲು ಬಳಕೆಯಾಗುತ್ತಿದ್ದ ಸಾಧಾರಣ ಸರ್ಕಾರಿ ಬೆರಳು. ಅದೀಗ ಊದಿಕೊಂಡು, ಚರ್ಮ ಸುಲಿದು, ಅನ್ನ ಕಲಸಲೂ ಬಾರದ ಸ್ಥಿತಿಯಲ್ಲಿದೆ. ನನ್ನ ಹೆಂಡತಿ ಮುನಿಲಕ್ಷ್ಮಿಗೆ ತೋರಿಸಿದರೆ "ಅದಕ್ಕೇನಾಗಿದೆ? ಇನ್ನೊಂದು ಕೈ ಇಲ್ವಾ?" ಎನ್ನುತ್ತಾಳೆ.

ಇದೆಲ್ಲ ಆಗಿದ್ದು ಅವರೆಕಾಯಿಯಿಂದ. ನಮ್ಮ ಕೋಲಾರದ ಕಡೆ ಅವರೆ ಕಾಲದಲ್ಲಿ ಯಾರ ಮನೆಗೆ ಹೋದರೂ ಮೊದಲು ಕೂರಲು ಚಾಪೆ ಹಾಕುತ್ತಾರೆ, ಆಮೇಲೆ ನೆನೆಸಿದ ಕಾಳಿನ ಬೋಗುಣಿ ತಂದು ಮುಂದಿಡುತ್ತಾರೆ. ಹಿತುಕಿ ಎಂದು ಯಾರೂ ಹೇಳುವುದಿಲ್ಲ. ನೆನೆದ ಕಾಳು ಕೈಗೆ ಸಿಕ್ಕರೆ ನಮ್ಮವರ ಹೆಬ್ಬೆರಳು ತಾನಾಗಿ ಒತ್ತುತ್ತದೆ. ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಬಟ್ಟಲಿಗೆ ಹಾರುತ್ತದೆ. ಹೆಣ್ಣು ನೋಡಲು ಬಂದವರು ಕೂಡ ಹಿತುಕುತ್ತಲೇ ಮಾತಾಡಿ, ಹಿತುಕುತ್ತಲೇ ಒಪ್ಪಿ ಹೋಗುತ್ತಾರೆ. (ನಾನೂ ಹಾಗೇ ಒಪ್ಪಿದವನು. ಅವತ್ತು ಬೋಗುಣಿಯಿಂದ ತಲೆ ಎತ್ತಿ ಸರಿಯಾಗಿ ನೋಡಬೇಕಿತ್ತು.) ಕೊರೋನಾ ಬಂದು ನೆಂಟರು, ನೆರೆಹೊರೆಯವರು ಮನೆ ಮೆಟ್ಟಿಲು ಹತ್ತದಂತಾದ ಮೇಲೆ, ಹತ್ತು ಜನರ ಬೋಗುಣಿ ನನ್ನೊಬ್ಬನ ಮುಂದೆ ಬಂದು ಕುಳಿತಿತು.

ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ಅವತ್ತು ಸಂಜೆ ಮುನಿಲಕ್ಷ್ಮಿಯ ತಮ್ಮ ರಾಮು ತನ್ನ ಹೊಸ ಹೆಂಡತಿ ಶ್ರುತಿಯನ್ನು ಕರೆದುಕೊಂಡು ಮುಳಬಾಗಿಲಿನ ನಮ್ಮ ಮನೆಗೆ ಮೊದಲ ಸಲ ಊಟಕ್ಕೆ ಬರುವವನಿದ್ದ. ಅವರ ಮದುವೆ ರಾಯಲ್ಪಾಡಿನಲ್ಲಿ ನಡೆದಾಗ ನಮ್ಮ ಬೀದಿಯಲ್ಲಿ ಕೊರೋನಾ ಬಂದು ತಗಡು ಹೊಡೆದು ಮುಚ್ಚಿದ್ದರು. ಸ್ವಂತ ತಮ್ಮ ತಾಳಿ ಕಟ್ಟುವ ಹೊತ್ತನ್ನು ಇವಳು ನೋಡಿದ್ದು ಮೊಬೈಲಿನಲ್ಲಿ. ಅದೂ ಮಾಂಗಲ್ಯದ ಸಮಯಕ್ಕೆ ಸರಿಯಾಗಿ ನೆಟ್‌ವರ್ಕ್ ನಿಂತು, ರಾಮು ಕೈ ಎತ್ತಿದವನು ಎತ್ತಿದ ಹಾಗೇ ಇದ್ದುಬಿಟ್ಟ. ಪಾಪ, ಇವಳು ಅವತ್ತು ಸೆರಗು ಬಾಯಿಗಿಟ್ಟುಕೊಂಡು ಅತ್ತಿದ್ದಳು. ಆ ಮದುವೆಗೆ ಬದಲಾಗಿ ಈ ಊಟ. ಶ್ರುತಿ ಬಳ್ಳಾರಿ ಕಡೆಯ ಹುಡುಗಿ, ಹಿತುಕಿದ ಬೇಳೆ ಸಾರನ್ನು ಕಂಡವಳಲ್ಲ. ಹಾಗಾಗಿ ಬೆಳಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ, ಅತ್ತೆಯವರು ಕೊಟ್ಟ ದೊಡ್ಡ ಸ್ಟೀಲ್ ಬೋಗುಣಿ ತುಂಬ ನೆನೆದ ಕಾಳು ಜಗಲಿ ಮೇಲೆ ನನಗಾಗಿ ಕಾಯುತ್ತಿತ್ತು.

"ರೀ, ಮಧ್ಯಾಹ್ನದೊಳಗೆ ಇಷ್ಟೂ ಆಗ್ಬೇಕು. ಮಸಾಲೆಗೆ ತೆಂಗಿನಕಾಯಿ, ಗಸಗಸೆ ಎಲ್ಲ ನಾನು ನೋಡ್ಕೋತೀನಿ."

"ನನಗೆ ಪಾಠ ಇಲ್ವೇನೇ?"

"ಶಾಲೆ ಮುಚ್ಚಿ ಒಂಬತ್ತು ತಿಂಗ್ಳಾಯ್ತು, ಯಾವ ಪಾಠ?"

"ಶಾಲೆ ಮುಚ್ಚಿದ್ರೇನು, ನಾನು ಮುಚ್ಚಿದೀನಾ? ಮಕ್ಕಳ ಊರಿಗೇ ಹೋಗಿ ಮರದ ಕೆಳಗೆ ಹೇಳ್ಕೊಡ್ತಿಲ್ವಾ?"

"ಹಂಗಾದ್ರೆ ಹಿತುಕಿ ಹೋಗಿ," ಎಂದು ಒಳಗೆ ಹೋದಳು. ನನ್ನ ಹೆಂಡತಿ ಕನ್ನಡದಲ್ಲಿ ಬೈಯುವವರೆಗೂ ಊಟಕ್ಕೆ ಭಯವಿಲ್ಲ. ತವರಿನ ತೆಲುಗಿಗೆ ಹೊರಳಿದಳೆಂದರೆ ಹೋಟೆಲ್ಲೇ ಗತಿ. ಆದ್ದರಿಂದ ಬೋಗುಣಿಯ ಮುಂದೆ ಕುಳಿತೆ.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಗಂಗರತ್ನಮ್ಮ ಮೇಡಂ ಫೋನ್ ಮಾಡಿದರು. "ನಂದಕುಮಾರ್, ಸ್ಥಳೀಯವಾಗಿ ಸಿಗೋ ಕಲಿಕೋಪಕರಣದ ಫೋಟೋ ಇವತ್ತು ಮಧ್ಯಾಹ್ನದೊಳಗೆ ಗ್ರೂಪಿಗೆ ಬರ್ಬೇಕು. ಎಲ್ಲರದೂ ಬಂತು, ನಿಮ್ಮದೊಂದೇ ಬಾಕಿ. ಹೋದ ಸಲದ ಥರ ಮಾಡ್ಬೇಡಿ."

ಹೋದ ಸಲ ನಾನು ಇಂಟರ್‌ನೆಟ್ಟಿನಿಂದ ಎಣಿಕೆ ಕಲಿಸುವ ಒಂದು ಮಣಿಚೌಕಟ್ಟಿನ ಚಿತ್ರ ತೆಗೆದು ನನ್ನದೇ ಎಂದು ಹಾಕಿದ್ದೆ. ಚೆನ್ನಾಗಿಯೇ ಇತ್ತು. ಹಿಂದಿನ ಗೋಡೆಯಲ್ಲಿ ಬಂಗಾಳಿ ಕ್ಯಾಲೆಂಡರ್ ನೇತಾಡುತ್ತಿದ್ದುದನ್ನು ಮಾತ್ರ ನಾನು ಗಮನಿಸಿರಲಿಲ್ಲ, ಮೇಡಂ ಗಮನಿಸಿದ್ದರು.

ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಅವರೆಕಾಳು. ಆಗ ನನ್ನ ಬುದ್ಧಿಯಲ್ಲಿ ಮಹಾ ಪ್ರಕಾಶವೊಂದು ಬೆಳಗಿತು. ಬೋಗುಣಿಗೆ ಒದ್ದೆ ಬಟ್ಟೆ ಕಟ್ಟಿ, ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟುಕೊಂಡು ಹೊರಟೆ. "ಅಲ್ಲೇ ಮರದ ಕೆಳಗೆ ಹಿತುಕ್ತೀನಿ ಕಣೇ, ತಂಪಾಗಿರುತ್ತೆ," ಎಂದು ಕೂಗಿ ಹೇಳಿದೆ. ಸುಳ್ಳಂತೂ ಅಲ್ಲ. ಯಾರು ಹಿತುಕುತ್ತಾರೆ ಎಂಬುದನ್ನು ಬಿಡಿಸಿ ಹೇಳಲಿಲ್ಲ, ಅಷ್ಟೇ.

ನಮ್ಮ ಶಾಲೆಯ ಮಕ್ಕಳ ಹಳ್ಳಿ ದೇವರಾಯಸಮುದ್ರದಿಂದ ಆಚೆಗಿದೆ. (ಹೆಸರು ಬೇಡ, ಅಲ್ಲಿ ನಾನಿನ್ನೂ ಮುಖ ತೋರಿಸಬೇಕು.) ಹುಣಸೆಮರದ ಕೆಳಗೆ ಸುಣ್ಣದಲ್ಲಿ ದೂರದೂರಕ್ಕೆ ಬರೆದ ವೃತ್ತಗಳೊಳಗೆ ಎರಡನೇ, ಮೂರನೇ ಕ್ಲಾಸಿನ ಮಕ್ಕಳು ಕೂತಿದ್ದರು. ಬಂದವರು ಅರ್ಧ. ಉಳಿದರ್ಧ ಅಪ್ಪ ಅಮ್ಮನ ಜೊತೆ ಟೊಮೇಟೊ ತೋಟಕ್ಕೆ ಹೋಗಿ ಅಭ್ಯಾಸವಾಗಿ, ಪಾಠದ ದಾರಿಯನ್ನೇ ಮರೆತಿತ್ತು. ಬಂದವರೂ ಎಣಿಕೆ ಮರೆತಿದ್ದರು. ಮೂರನೇ ಕ್ಲಾಸಿನ ಸಹನ, ಮಾರ್ಚಿಗೆ ಮುಂಚೆ ನೂರರವರೆಗೆ ಓಡುತ್ತಿದ್ದವಳು, ಈಗ ಇಪ್ಪತ್ತೊಂಬತ್ತಕ್ಕೆ ಬಂದು ನಿಂತುಬಿಡುತ್ತಿದ್ದಳು. ಮುಂದೇನಮ್ಮ ಎಂದರೆ ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಳ್ಳುತ್ತಿದ್ದಳು.

ಎಲ್ಲರ ಕೈ ತೊಳೆಸಿ, ಒಬ್ಬೊಬ್ಬರ ಮುಂದೆ ಒಂದೊಂದು ಮುತ್ತುಗದೆಲೆ ಹಾಸಿ, ಬೋಗುಣಿಯಿಂದ ಬೊಗಸೆ ಬೊಗಸೆ ಕಾಳು ಹಾಕಿದೆ. "ಮಕ್ಕಳೇ, ಹತ್ತತ್ತರ ಗುಂಪು ಮಾಡಿ ಎಣಿಸಿ," ಎಂದೆ. ಹಿತುಕಿ ಎಂಬ ಶಬ್ದ ನನ್ನ ಬಾಯಿಂದ ಬರಲಿಲ್ಲ, ದೇವರಾಣೆ. ಆದರೆ ಕೋಲಾರದ ಮಕ್ಕಳಲ್ಲವೇ? ಒಂದು ಎನ್ನುವಾಗ ಒಂದು ಬೇಳೆ ಹಾರಿತು. ಎರಡು ಎನ್ನುವಾಗ ಎರಡನೆಯದು. ನಾನು ಮರಕ್ಕೆ ಒರಗಿ ಕೈಕಟ್ಟಿಕೊಂಡು ನಿಂತೆ.

"ಸಾರ್, ಸಿಪ್ಪೇನೂ ಎಣಿಸ್ಬೇಕಾ?" ಎಂದಳು ಸಹನ.

"ಬೇಡಮ್ಮ. ಬೇಳೆ ಸಾಕು."

ಅವಳು ಎಣಿಸುತ್ತ ಹೋದಳು. ಇಪ್ಪತ್ತೆಂಟು ಬಂತು, ಇಪ್ಪತ್ತೊಂಬತ್ತು ಬಂತು. ನಾನು ಮರ ಬಿಟ್ಟು ಮುಂದಕ್ಕೆ ಬಾಗಿದೆ. ಅವಳ ಬೆರಳು ಅಭ್ಯಾಸಬಲದಿಂದ ಇನ್ನೊಂದು ಕಾಳನ್ನು ಒತ್ತಿತು, ಬೇಳೆ ಹಾರಿದ ರಭಸಕ್ಕೆ ಬಾಯಿಂದಲೂ "ಮೂವತ್ತು" ಹಾರಿತು! ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ನೂರು ಮುಟ್ಟಿ ಎದ್ದು ನಿಂತು ಕುಣಿದಳು. ನನಗೆ ಕಣ್ಣು ತುಂಬಿ ಬಂತು. (ಅವರೆಯ ಸೊಗಡು ಕಣ್ಣಿಗೆ ತಾಕಿತು ಎಂದು ಮಕ್ಕಳಿಗೆ ಹೇಳಿದೆ.) ತಕ್ಷಣ ಫೋಟೋ ತೆಗೆದು, "ಅವರೆಕಾಳಿನಿಂದ ಸಂಖ್ಯಾಜ್ಞಾನ: ಮಾಡಿ ಕಲಿ" ಎಂಬ ತಲೆಬರಹ ಕೊಟ್ಟು ಗ್ರೂಪಿಗೆ ಹಾಕಿದೆ. ಕ್ಯಾಲೆಂಡರ್ ಎಲ್ಲೂ ಇಲ್ಲವೆಂದು ಎರಡು ಸಲ ನೋಡಿಯೇ ಹಾಕಿದೆ.

ಮಧ್ಯಾಹ್ನ ಬೋಗುಣಿ ತುಂಬ ಹಾಲುಬಿಳುಪಿನ ಬೇಳೆ ತಂದು ಅಡಿಗೆಮನೆಯಲ್ಲಿಟ್ಟೆ. ಮುನಿಲಕ್ಷ್ಮಿ ಬೆರಗಾದಳು. "ಅಯ್ಯೋ, ಇಷ್ಟು ಬೇಗ! ಬೆರಳು ನೋಯ್ತಾ ಇಲ್ವೇನ್ರೀ?" ಎಂದು ಕೇಳಿ ನಾನು ಬೇಡದೆಯೇ ಕಾಫಿ ಕೊಟ್ಟಳು. ಮದುವೆಯಾದ ಮೇಲೆ ಅಂಥ ಕಾಫಿ ನಾನು ಕುಡಿದಿರಲಿಲ್ಲ. ಅರ್ಧ ಲೋಟ ಮುಗಿಯುವಷ್ಟರಲ್ಲಿ ಅವಳ ಮೊಬೈಲು ಕುಂಯ್ ಎಂದಿತು.

ಗಂಗರತ್ನಮ್ಮ ಮೇಡಂ ಮತ್ತು ನನ್ನ ಹೆಂಡತಿ ಒಬ್ಬನೇ ಟೈಲರ್ ಹತ್ತಿರ ರವಿಕೆ ಹೊಲಿಸುವವರು, ಹಾಗಾಗಿ ಒಬ್ಬರ ಹತ್ತಿರ ಇನ್ನೊಬ್ಬರ ನಂಬರಿದೆ. ಮೇಡಂ ಸಂತೋಷ ತಡೆಯಲಾರದೆ ನನ್ನ ಫೋಟೋವನ್ನು "ನಮ್ಮ ಶಾಲೆಯ ಹೆಮ್ಮೆ" ಎಂದು ಬರೆದು ಇವಳಿಗೂ ಕಳಿಸಿದ್ದರು. ಇವಳು ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು.

"ಇದು ನಮ್ಮಮ್ಮನ ಬೋಗುಣಿ ಅಲ್ವಾ? ಜಾನಕಮ್ಮ ಅಂತ ಹೆಸರು ಕೊರೆಸಿದೆ!"

"ಇದ್ರೂ ಇರ್ಬಹುದು..."

"ಅಷ್ಟೂ ಮಕ್ಕಳ ಕೈಲಿ ಹಿತುಕ್ಸಿದೀರಾ?"

"ಎಲ್ಲರ ಕೈ ಸೋಪಿನಲ್ಲಿ ತೊಳೆಸಿದೀನಿ ಕಣೇ! ಹೇಗಿದ್ರೂ ಬೇಳೆ ಕೊತಕೊತ ಕುದಿಯುತ್ತೆ. ವೈರಸ್ ಸತ್ತುಹೋಗುತ್ತೆ."

"ವೈರಸ್ ಸಾಯುತ್ತೆ. ನನ್ನ ಮರ್ಯಾದೆ? ಮೊದಲ ಸಲ ಬರ್ತಿರೋ ಹುಡುಗಿಗೆ ಊರ ಮಕ್ಕಳೆಲ್ಲ ಹಿತುಕಿದ ಬೇಳೆ ಬಡಿಸ್ಲಾ, ಈ ಕಾಲದಲ್ಲಿ? ಸಿಗ್ಗು ಲೇದಾ ಮೀಕು?"

ನಾಚಿಕೆ ಇಲ್ಲವೇ ಎಂಬ ಪ್ರಶ್ನೆ ತೆಲುಗಿನಲ್ಲಿ ಬಂದಿತ್ತು. ನಾನು ಚೀಲ ಹಿಡಿದು ಮಾರುಕಟ್ಟೆಗೆ ಓಡಿದೆ. ಹೊಸ ಕಾಯಿ ತಂದು, ಸುಲಿದು, ಬಿಸಿನೀರಿನಲ್ಲಿ ನೆನೆಸಿ, ಇಡೀ ಮಧ್ಯಾಹ್ನ ಅವಳ ಕಣ್ಣೆದುರೇ ಜಗಲಿಯಲ್ಲಿ ಕೂತು ಹಿತುಕಿದೆ. ಹೆಬ್ಬೆರಳಿನ ಅವಸಾನ ಆರಂಭವಾದದ್ದು ಅಲ್ಲಿ. ಸಂಜೆ ರಾಮು, ಶ್ರುತಿ ಬಂದು ಬಾಯಿ ಚಪ್ಪರಿಸುತ್ತ ಉಂಡರು. ಆ ಹುಡುಗಿ ಮೂರನೇ ಸಲ ಸಾರು ಹಾಕಿಸಿಕೊಂಡಾಗ ಮುನಿಲಕ್ಷ್ಮಿಯ ಮುಖ ಅರಳಿತು, ನೋಡದೇ ಹೋದ ಮದುವೆ ಅವಳ ಪಾಲಿಗೆ ಅವತ್ತು ನಡೆದ ಹಾಗಿತ್ತು. ನನಗೆ ಮಾತ್ರ ಬೇರೆ ಪಾತ್ರೆಯಿಂದ ಬಡಿಸಿದಳು. "ಇದು ನಿಮ್ಮ ಸಂಖ್ಯಾಜ್ಞಾನದ್ದು. ಮುಗಿಯೋ ತನಕ ನೀವೇ ತಿನ್ನಿ."

ಮರುದಿನ ಬೆಳಗ್ಗೆ ಮೇಡಂ ಫೋನು ಮತ್ತೆ ಬಂತು. "ನಂದಕುಮಾರ್, ನಿಮ್ಮ ಪಾಠ ಎಲ್ಲರಿಗೂ ಇಷ್ಟ ಆಗಿದೆ, ಮುಂದುವರಿಸಿ. ಒಂದೇ ಒಂದು ತಿದ್ದುಪಡಿ. ಒಂದೇ ಪಾತ್ರೆಯ ಸಾಮಾನು ಮಕ್ಕಳೆಲ್ಲ ಮುಟ್ಟೋ ಹಾಗಿಲ್ಲ, ಕೋವಿಡ್ ನಿಯಮ. ಮುಟ್ಟೋದೆಲ್ಲ ನೀವು ಮಾಡಿ, ಮಕ್ಕಳು ದೂರದಿಂದ ನೋಡಿ ಕಲೀಲಿ."

ಕಾಳೇ ತೆಗೆದುಕೊಂಡು ಹೋಗದಿದ್ದರೆ ಮುಟ್ಟುವ ಪ್ರಶ್ನೆ ಎಲ್ಲಿಂದ ಬಂತು ಎಂದುಕೊಂಡು ಬರಿಗೈಲಿ ಹೊರಟೆ. ಹುಣಸೆಮರದ ಕೆಳಗೆ ನೋಡುತ್ತೇನೆ, ಎಲ್ಲ ವೃತ್ತಗಳೂ ಭರ್ತಿ! ಟೊಮೇಟೊ ತೋಟಕ್ಕೆ ಹೋಗುತ್ತಿದ್ದ ಮಕ್ಕಳೂ ತಲೆ ಬಾಚಿಕೊಂಡು ಬಂದಿದ್ದರು. ಅವರ ಹಿಂದೆ ತಾಯಂದಿರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಸೊಂಟದಲ್ಲೂ ಒಂದೊಂದು ಬೋಗುಣಿ.

ಸಹನಳ ತಾಯಿ ಬೈರಮ್ಮ ಮುಂದೆ ಬಂದಳು. "ಸಾರ್, ಮಾ ಪಿಲ್ಲ ನೂರು ಎಣಿಸ್ತು ಸಾರ್! ಮನೇಲಿ ರಾತ್ರಿಯೆಲ್ಲಾ ಅದೇ ಹೇಳ್ಕೊಂಡು ಕುಣೀತು. ಇವತ್ತು ನಮ್ಮ ಮನೆ ಕಾಳು ತಂದಿವ್ನಿ. ನೆನೆಸೇ ತಂದಿವ್ನಿ. ಪಾಠ ಆದ್ಮೇಲೆ ಬೇಳೆ ಕಳಿಸ್ಬಿಡಿ, ಆಯ್ತಾ?"

"ಮಕ್ಕಳು ಮುಟ್ಟೋ ಹಾಗಿಲ್ಲಮ್ಮ. ನಿಯಮ ಬಂದಿದೆ," ಎಂದೆ ಗಂಭೀರವಾಗಿ. ಬಚಾವಾದೆ ಎಂದುಕೊಂಡೆ.

"ಅಷ್ಟೇನಾ? ನೀವು ಹಿತುಕಿ ಸಾರ್, ಅವು ಎಣಿಸ್ಲಿ!"

ಸಾಲಿನಲ್ಲಿದ್ದ ತಾಯಂದಿರೆಲ್ಲ ಹೌದೌದು ಎಂದರು. ಒಲ್ಲೆ ಎನ್ನಲು ನಾನು ಬಾಯಿ ತೆರೆದೆ. ಆದರೆ ಸಹನ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, "ಒಂದು" ಎನ್ನಲು ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು. ಅವಳ ಪಕ್ಕದಲ್ಲಿ ತೋಟದಿಂದ ತಿರುಗಿ ಬಂದ ಮಕ್ಕಳು. ಇವತ್ತು ಇಲ್ಲ ಎಂದರೆ ನಾಳೆ ಇವರು ಬರುವುದಿಲ್ಲ. ನಾನು ಮಾಸ್ಕ್ ಸರಿಮಾಡಿಕೊಂಡು ಬೋಗುಣಿಗಳ ನಡುವೆ ಕೂತೆ.

ಹಾಗೆ ಸುಮ್ಮನೆ ಎಣಿಸುವ ಮಕ್ಕಳಲ್ಲ ಅವು. ನನ್ನ ಕೈ ನಿಧಾನವಾದರೆ ಅಷ್ಟೂ ಬಾಯಿ ಅದೇ ಸಂಖ್ಯೆಯಲ್ಲಿ ನಿಂತು ರಾಗ ಎಳೆಯುತ್ತಿದ್ದವು. "ಎಂಬತ್ತಾರೂ... ಎಂಬತ್ತಾರೂ... ಬೇಗ ಸಾರ್!" ಬೆರಳು ಊದಿ ಬದನೆಕಾಯಾಯಿತು. ಮಕ್ಕಳು ಮಾತ್ರ ಒಂದು ಸಂಖ್ಯೆಯನ್ನೂ ತಪ್ಪಿಸಲಿಲ್ಲ.

ಅಂತೂ ಬೈರಮ್ಮನ ಬೋಗುಣಿ ಮುಗಿಯುವ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮುನಿಲಕ್ಷ್ಮಿ. ದನಿಯಲ್ಲಿ ಜೇನು ಸುರಿಯುತ್ತಿತ್ತು, ಅದೂ ಅಪ್ಪಟ ಕನ್ನಡದಲ್ಲಿ.

"ರೀ, ಶ್ರುತಿಗೆ ಸಾರು ಎಷ್ಟು ಹಿಡಿಸ್ತು ಗೊತ್ತಾ? ಬಳ್ಳಾರೀಲಿರೋ ಅವರಮ್ಮಂಗೂ ಒಂದಿಷ್ಟು ಬೇಳೆ ತಗೊಂಡು ಹೋಗ್ತಾಳಂತೆ. ಬೆಳಗ್ಗೇನೇ ಮೇಡಂಗೆ ಫೋನ್ ಮಾಡಿದ್ದೆ. ಇನ್ಮೇಲೆ ಮಕ್ಕಳು ಮುಟ್ಟಲ್ವಂತೆ, ನೀವೊಬ್ರೇ ಹಿತುಕೋದಂತೆ. ಒಳ್ಳೇದಾಯ್ತು ಬಿಡಿ, ಇನ್ನು ನನಗೂ ಚಿಂತೆ ಇಲ್ಲ."

"ಈಗೇನು ಮಾಡ್ಬೇಕೇ ನಾನು?"

"ಏನಿಲ್ಲ. ಸ್ಕೂಟರ್ ಡಿಕ್ಕಿ ತೆಗೆದು ನೋಡಿ. ಬೆಳಗ್ಗೆ ನೀವು ಸ್ನಾನಕ್ಕೆ ಹೋದಾಗ ದೊಡ್ಡ ಡಬ್ಬ ಇಟ್ಟಿದೀನಿ. ಚೆನ್ನಾಗಿ ನೆನೆದಿರುತ್ತೆ."