ಪಾದರಸನಿಗೆ ಸರ್ವಾನುಮತದ ಗೆಲುವು

ಎಲ್ಲ ಅನಾಹುತಕ್ಕೂ ಮೂಲ ಎರಡೇ ಎರಡು ಮಾತು. ಅದೂ ಇನ್ನೂ ಆಡದಿದ್ದ ಮಾತು.

ತಕ್ಕಡಿ ಕಾರ್ಖಾನೆಯ ನೋಟೀಸ್ ಬೋರ್ಡಿನ ಮೇಲೆ ಆ ಬೆಳಿಗ್ಗೆ ಒಂದು ಚೀಟಿ ಅಂಟಿತ್ತು: 'ನಮ್ಮನ್ನಗಲಿದ ಅರದಣ್ಣನವರಿಗೆ ಸಂತಾಪ ಸಭೆ. ಮಧ್ಯಾಹ್ನ ಮೂರು ಗಂಟೆ. ಮುಳ್ಳು ಮಾಸ್ತರು ಎರಡು ಮಾತಾಡುವರು.' ಅದನ್ನೋದಿದ ಮುಳ್ಳು ಮಾಸ್ತರ ಮೊಣಕಾಲಿನಿಂದ ಹೊರಟ ನಡುಕ ಕಾರ್ಖಾನೆಯ ನೆಲಕ್ಕಿಳಿದು, ಪರೀಕ್ಷೆಗೆಂದು ಸಾಲಾಗಿ ನಿಲ್ಲಿಸಿದ್ದ ನಲವತ್ತು ತಕ್ಕಡಿಗಳ ಮುಳ್ಳುಗಳೂ ಒಮ್ಮೆಲೇ ಅಲುಗಾಡಿದವು ಎಂದು ಕಂಡವರು ಹೇಳುತ್ತಾರೆ. ನಲವತ್ತಲ್ಲ, ಮೂವತ್ತೊಂಬತ್ತೇ ಎನ್ನುವವರೂ ಇದ್ದಾರೆ. ಅಂಥವರ ಮಾತು ನಂಬಬಾರದು.

ಮುಳ್ಳು ಮಾಸ್ತರು ಎಂದರೆ ತಕ್ಕಡಿಯ ಮುಳ್ಳನ್ನು ನೆಟ್ಟಗೆ ನಿಲ್ಲಿಸುವವರು. ಅರದಣ್ಣ ಎಂದರೆ ತೂಕದ ಕಲ್ಲುಗಳನ್ನು ಅರದಿಂದ ಉಜ್ಜಿ, ಕೂದಲೆಳೆಯಷ್ಟು ಹೆಚ್ಚಿದ್ದರೂ ಇಳಿಸುತ್ತಿದ್ದವನು. ಇಬ್ಬರ ಬೆಂಚುಗಳೂ ಎದುರುಬದುರು. ನಡುವೆ ಮೂರು ಮೊಳ ಜಾಗ. ಆ ಮೂರು ಮೊಳದಲ್ಲಿ ಇಪ್ಪತ್ತೆರಡು ವರ್ಷ, ದಿನಾ ಊಟದ ಬಿಡುವಿನಲ್ಲಿ, ಜಗತ್ತು ಎಂದೂ ಕಾಣದ ಒಂದು ಬಾಕ್ಸಿಂಗ್ ಪಂದ್ಯ ನಡೆದಿತ್ತು.

ಒಂದು ಕಡೆ ಒರಳುಕಲ್ಲು. ಕಪ್ಪು-ಬಿಳುಪು ಫೋಟೋಗಳ ಕಾಲದ ಬಾಕ್ಸರ್. ನಿಂತ ಜಾಗದಿಂದ ಕದಲದೆ, ಮುಖಕ್ಕೆ ಬಿದ್ದ ಗುದ್ದುಗಳನ್ನೆಲ್ಲ ಬೆವರಿನಂತೆ ಒರೆಸಿಕೊಂಡು, ನಲವತ್ತನೆಯ ರೌಂಡಿನಲ್ಲಿ ಒಂದೇ ಒಂದು ಸಲ ಬಲಗೈ ಬೀಸಿ ಎದುರಾಳಿಯನ್ನು ಮಲಗಿಸುತ್ತಿದ್ದವನು. ಇನ್ನೊಂದು ಕಡೆ ಪಾದರಸ. ಟಿ.ವಿ. ಬಂದ ಮೇಲಿನವನು. ನಿಂತಲ್ಲಿ ನಿಲ್ಲದವನು, ಎಡಗೈಯಿಂದ ಚುಚ್ಚಿ ಚುಚ್ಚಿ ಜಾರಿಕೊಳ್ಳುವವನು. ಅವನ ಜೊತೆ ಓಡಲಾರದೆ ಅವನ ನೆರಳಿಗೇ ಏದುಸಿರು ಬರುತ್ತಿತ್ತಂತೆ. ಒರಳುಕಲ್ಲು ಸತ್ತು ಹನ್ನೊಂದು ವರ್ಷಕ್ಕೆ ಪಾದರಸ ಹುಟ್ಟಿದ್ದು. ಆದರೇನು? ಇಬ್ಬರನ್ನೂ ಒಂದೇ ರಿಂಗಿಗೆ ಇಳಿಸಿದ್ದರೆ ಗೆಲ್ಲುತ್ತಿದ್ದವನು ಯಾರು?

"ನಿನ್ನ ಪಾದರಸ ಹದಿನೈದು ರೌಂಡಿಗೆ ಸುಸ್ತು. ನಮ್ಮ ಒರಳುಕಲ್ಲಿಗೆ ಹದಿನೈದು ರೌಂಡು ಅಂದ್ರೆ ಬರೀ ಆಕಳಿಕೆ!" ಎನ್ನುತ್ತಿದ್ದರು ಮಾಸ್ತರು.

"ಹೊಡೆಯೋಕೆ ಮೊದ್ಲು ಮುಟ್ಬೇಕಲ್ಲ ಮಾಸ್ತರೇ," ಎನ್ನುತ್ತಿದ್ದ ಅರದಣ್ಣ, ಅರದ ಪುಡಿ ಊದುತ್ತ. "ನಿಮ್ಮವನು ಬಲಗೈ ಎತ್ತೋ ಹೊತ್ತಿಗೆ ನಮ್ಮವನು ಕ್ಷೌರ ಮಾಡಿಸ್ಕೊಂಡು ಬಂದಿರ್ತಾನೆ."

"ಯಾವ ಕಾಲದ ನಿಯಮ? ಆಗಿನ ತೆಳು ಗ್ಲೌಸೋ, ಈಗಿನ ದಿಂಬಿನಂಥ ಗ್ಲೌಸೋ? ಅದನ್ನ ಮೊದ್ಲು ಹೇಳು!"

"ಯಾವ್ದಾದ್ರೂ ಹಾಕ್ಕೊಳ್ಳಿ. ಮುಟ್ಟಿದ್ರೆ ತಾನೆ ಗ್ಲೌಸಿನ ಮಾತು?"

ಈ ಜಗಳದ ಕಾವಿಗೆ ಡಬ್ಬಿಯ ಊಟ ಎರಡನೇ ಸಲ ಬೇಯುತ್ತಿತ್ತು. ಪಕ್ಕದ ಬೀದಿಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಈಗ ಎದುರು ಬೆಂಚು ಖಾಲಿಯಾಗಿ ಹನ್ನೆರಡು ದಿನ. ಭಾನುವಾರ ಮಧ್ಯಾಹ್ನ ಮಲಗಿದ ಅರದಣ್ಣ ಏಳಲೇ ಇಲ್ಲ. ಹನ್ನೆರಡು ದಿನದಿಂದ ಮಾಸ್ತರು ಬಿಡುವಿನಲ್ಲಿ ಡಬ್ಬಿ ತೆರೆಯುತ್ತಿದ್ದರು, ಎದುರು ನೋಡುತ್ತಿದ್ದರು, ಮುಚ್ಚಿಡುತ್ತಿದ್ದರು.

ನೋಟೀಸಿನ ಸುದ್ದಿ ಗೋಡೆ ಹಾರಿ ಮನೆ ಮುಟ್ಟಲು ಎಷ್ಟು ಹೊತ್ತು? ಹನ್ನೊಂದು ಗಂಟೆಗೆ ಅಕ್ಕನ ಫೋನು ಬಂತು. ಮಾಸ್ತರ ಮನೆಯಲ್ಲಿ ಇರುವುದು ಈ ಅಕ್ಕ ಒಬ್ಬಳೇ. ಆದರೆ ಸದ್ದಿನಲ್ಲಿ ಹನ್ನೊಂದು ಜನಕ್ಕೆ ಸಮ.

"ಲೋ ತಮ್ಮ, ಸಂತಾಪ ಸಭೇಲಿ ಬಾಕ್ಸಿಂಗು ಗೀಕ್ಸಿಂಗು ಅಂತ ಬಾಯಿ ಬಿಟ್ಟೀಯ, ಜೋಕೆ! ಅವರ ಮನೆಯಾಕೆ ಮುಂದಿನ ಸಾಲಲ್ಲೇ ಕೂತಿರ್ತಾಳೆ."

"ಮತ್ತೇನು ಮಾತಾಡ್ಲಿ ಅಕ್ಕಾ? ನಾವಿಬ್ರೂ ಆಡಿದ ಮಾತೇ ಅದು."

"ಸರಳ ಸಜ್ಜನರು ಅನ್ನು. ಸತ್ತವರಿಗೆಲ್ಲ ಅನ್ನೋದು ಅದೇ. ಇವತ್ತಿನವರೆಗೆ ಯಾರೂ ಎದ್ದು ಬಂದು 'ನಾನು ಹಾಗಿರ್ಲಿಲ್ಲ' ಅಂದಿಲ್ಲ."

ಮಾಸ್ತರು ಒಂದು ಹಾಳೆ ತೆಗೆದು 'ಸರಳ ಸಜ್ಜನರು' ಎಂದು ಬರೆದರು. ಬರೆಯುತ್ತಿದ್ದಂತೆ ಭುಜದ ಮೇಲಿಂದ ತಕ್ಕಡಿಗೆ ಬಣ್ಣ ಹೊಡೆಯುವ ಬಣ್ಣದವನ ತಲೆ ಇಣುಕಿತು.

"ಸರಳ ಅಂದ್ರೆ ಸಪ್ಪೆ ಮಾಸ್ತರೇ. 'ಕರುಣಾಮಯಿ' ಹಾಕಿ. ಗಟ್ಟಿ ಬಣ್ಣ."

ಇನ್ನೊಂದು ಭುಜದ ಮೇಲಿಂದ ನೌಕರರ ಸಂಘದ ಗುಮಾಸ್ತನ ತಲೆ ಬಂತು. ಸಂಘದ ಸಭೆಗಳ ನಡಾವಳಿ ಪುಸ್ತಕ ಬರೆಯುವವನು ಅವನೇ. ಸಭೆಯಲ್ಲಿ ಯಾರಾದರೂ ಸೀನಿದರೂ ಸಮಯ ಹಾಕಿ ದಾಖಲಿಸುವ ಪ್ರಾಣಿ. "'ತುಂಬಲಾರದ ನಷ್ಟ' ಎಲ್ಲಿ? ಅದಿಲ್ದೆ ಸಂತಾಪ ಊರ್ಜಿತ ಆಗಲ್ಲ."

ಬರೆದರು. ಹೊಡೆದು ಹಾಕಿದರು. ಮತ್ತೆ ಬರೆದರು. ಒಂದು ಗಂಟೆಯ ಹೊತ್ತಿಗೆ ಆ ಹಾಳೆ ಒರಳುಕಲ್ಲಿನ ಕೈಗೆ ಸಿಕ್ಕವರ ಮುಖದಂತಾಗಿತ್ತು.

"ಏನೇ ಅನ್ನಿ," ಎಂದ ಬಣ್ಣದವ, ಸಮಾಧಾನ ಹೇಳುವ ದನಿಯಲ್ಲಿ, "ಕೊನೆಗೆ ನೀವೇ ಗೆದ್ರಿ ಮಾಸ್ತರೇ. ಎದುರಾಳಿ ರಿಂಗಿಗೆ ಬರ್ಲೇ ಇಲ್ಲ. ವಾಕೋವರ್!"

ಆ ಮಾತು ಬಂದು ನೇರವಾಗಿ ಮಾಸ್ತರ ಪಕ್ಕೆಗೆ ಬಿತ್ತು. ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪಿಸದೆ ಎದುರು ನಿಂತವನನ್ನು ಗೈರುಹಾಜರಿ ಹಾಕಿ ಸೋಲಿಸುವುದೇ? ಇಂಥ ಗೆಲುವನ್ನು ಒರಳುಕಲ್ಲು ಕಾಲಲ್ಲೂ ಮುಟ್ಟುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ 'ನೀನು ಹೇಳಿದ್ದು ಸರಿ ಅರದಣ್ಣ' ಎಂದಿದ್ದರೆ ಗಂಟೇನು ಹೋಗುತ್ತಿತ್ತು? ಆ ಒಂದು ಮಾತಿಗಾಗಿ ಅವನೆಷ್ಟು ಹಂಬಲಿಸಿದನೋ. ಕೊಡದೆ ಕಳಿಸಿಬಿಟ್ಟೆನಲ್ಲ.

ಖಾಲಿ ಬೆಂಚಿನ ಮುಂದೆ ಕೂತು ಮಾಸ್ತರು ತೀರ್ಮಾನ ಮಾಡಿದರು. ಅರದಣ್ಣ ಗೆದ್ದು ಹೋಗಬೇಕು. ಎಲ್ಲರ ಮುಂದೆ, ಮೈಕಿನಲ್ಲಿ, ಇವತ್ತೇ. ತೀರ್ಮಾನವಾದ ಕೂಡಲೇ ಮನಸ್ಸಿನಲ್ಲೇ ಒರಳುಕಲ್ಲಿನ ಮುಂದೆ ನಿಂತು, "ಕ್ಷಮಿಸಪ್ಪ, ನೀನು ಎಷ್ಟಾದ್ರೂ ಗುದ್ದು ತಿಂದವನು, ಇದೂ ಒಂದು ತಿನ್ನು," ಎಂದು ಬೇಡಿಕೊಂಡರು.

ಮೂರು ಗಂಟೆಗೆ ಪ್ಯಾಕಿಂಗ್ ಹಾಲ್ ತುಂಬಿತ್ತು. ಕುರ್ಚಿ ಇಲ್ಲದವರು ಒಬ್ಬರ ಮೊಣಕೈ ಒಬ್ಬರ ಕಿವಿಯಲ್ಲಿಟ್ಟು ನಿಂತಿದ್ದರು. ಮೇಜು ಸಿಗದೆ ಅರದಣ್ಣನ ಫೋಟೋವನ್ನು ಒಂದು ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿದ್ದರು. ಮುಳ್ಳು ಒಂದು ಕಿಲೋ ಇನ್ನೂರು ಗ್ರಾಂ ತೋರಿಸುತ್ತಿತ್ತು. ಮಾಸ್ತರು ಅಭ್ಯಾಸಬಲದಿಂದ ಮೊದಲು ನೋಡಿದ್ದು ಮುಳ್ಳನ್ನೇ. ಇಪ್ಪತ್ತೆರಡು ವರ್ಷದ ಗೆಳೆಯ ಅಷ್ಟೇ ಉಳಿದಿದ್ದ.

ಮುಂದಿನ ಸಾಲಿನಲ್ಲಿ ಅರದಣ್ಣನ ಹೆಂಡತಿ, ಮಾಸ್ತರು ಅತ್ತಿಗೆ ಎಂದು ಕರೆಯುತ್ತಿದ್ದಾಕೆ, ಕೈಕಟ್ಟಿ ಕೂತಿದ್ದರು. ಮ್ಯಾನೇಜರು ಎದ್ದು ಅರ್ಧ ಗಂಟೆ ಮಾತಾಡಿದರು. "ದಿವಂಗತರು ಹೊಡೆದ ಬಣ್ಣ ಇಂದಿಗೂ ಮಾಸಿಲ್ಲ," ಎಂದಾಗ ಹಿಂದಿನ ಸಾಲಿನಲ್ಲಿ ಬಣ್ಣದವ, "ಸ್ವಾಮಿ, ನಾನಿನ್ನೂ ಬದುಕಿದೀನಿ," ಎಂದು ಕೈ ಎತ್ತಿದ. ಗುಮಾಸ್ತ ಅದನ್ನೂ ಬರೆದುಕೊಂಡ.

ಮಾಸ್ತರ ಸರದಿ ಬಂತು. ಹಾಳೆ ಬಿಡಿಸಿದರು. "ದಿವಂಗತರು ಸರಳ... ಕರುಣಾ... ತುಂಬಲಾರದ..." ತಲೆಯೆತ್ತಿ ಫೋಟೋ ನೋಡಿದರು. 'ಮುಟ್ಬೇಕಲ್ಲ ಮಾಸ್ತರೇ' ಎನ್ನುವ ಮೊದಲು ತುಟಿಯ ಒಂದು ಬದಿಯಲ್ಲಿ ಮೂಡುತ್ತಿದ್ದ ಅದೇ ನಗು. ಮಾಸ್ತರು ಹಾಳೆಯನ್ನು ಮಡಚಿ ಜೇಬಿಗಿಟ್ಟರು.

"ಒರಳುಕಲ್ಲಿನ ಒಂದು ದೋಷ ಏನಪ್ಪಾ ಅಂದ್ರೆ," ಎಂದರು, "ಬಲಗೈ ಬೀಸೋ ಮೊದ್ಲು ಭುಜ ಇಳಿಸ್ತಾನೆ."

ಸಭೆ ಕಕ್ಕಾಬಿಕ್ಕಿಯಾಯಿತು.

"ಇದು ನಾನು ಕಂಡಿದ್ದಲ್ಲ, ಅರದಣ್ಣ ಕಂಡಿದ್ದು. ಭುಜ ಇಳಿದ ಕೂಡ್ಲೇ ಪಾದರಸ ಎಡಕ್ಕೆ ಜಾರಿರ್ತಾನೆ, ಹೀಗೆ," ಎಂದು ಮಾಸ್ತರು ಎಡಕ್ಕೆ ಜಾರಿದರು. ಅರವತ್ತರ ಹತ್ತಿರದ ಸೊಂಟ ಬಾಗಿಲಿನಂತೆ ಕಿರುಗುಟ್ಟಿದ್ದು ಮೈಕಿನಲ್ಲಿ ಕೇಳಿಸಿತು.

"ಜಾರೋಕೆ ಪಕ್ಕೆ ನೆಟ್ಟಗಿರಬೇಕಲ್ಲ!" ಬಣ್ಣದವನಿಗೆ ತಡೆಯಲಾಗಲಿಲ್ಲ. "ಒರಳುಕಲ್ಲು ಮೊದ್ಲು ಹೊಡೆಯೋದೇ ಪಕ್ಕೆಗೆ. ಪಕ್ಕೆ ಮುರಿದ ಮೇಲೆ ಯಾವ ಕುಣಿತ?"

"ರಿಂಗಿನ ಹಗ್ಗಕ್ಕೆ ಒತ್ತಿ ಹಿಡಿದ್ರೆ ಪಾದರಸ ಏನ್ ಮಾಡ್ತಾನೆ?" ಎಂದಿತು ಒಂದು ದನಿ.

"ಹಿಡಿಯೋಕೆ ಅವನೇನು ನಿಮ್ಮ ಮನೆ ಬೆಕ್ಕಾ?" ಎಂದಿತು ಇನ್ನೊಂದು.

ಅರೆನಿಮಿಷದಲ್ಲಿ ಅರ್ಧ ಸಭೆ ಒರಳುಕಲ್ಲು, ಅರ್ಧ ಸಭೆ ಪಾದರಸ. ಕುರ್ಚಿಗಳು ಎದ್ದು ನಿಂತವು. ಮ್ಯಾನೇಜರು ಓಡಿ ಬಂದು, "ಮಾಸ್ತರೇ, ಇದು ಸಂತಾಪ ಸಭೆ, ಮೈಕ್ ಕೊಡಿ," ಎಂದು ಮುಖ ಮುಂದೆ ಮಾಡಿದರು. ಮಾಸ್ತರು ಅದೇ ಗಳಿಗೆಯಲ್ಲಿ, "ಜಾರಿ, ಎಡಗೈಯಿಂದ ಹೀಗೆ!" ಎಂದು ತೋರಿಸಿದರು.

ಆ ಎಡಗೈ ಜೀವಮಾನದಲ್ಲಿ ಒಂದು ಸೊಳ್ಳೆಯನ್ನೂ ಹೊಡೆದದ್ದಲ್ಲ. ಆದರೆ ಆ ದಿನ ಅದು ಸಾಕ್ಷಾತ್ ಪಾದರಸನ ಎಡಗೈ. ಮ್ಯಾನೇಜರ ಮೂಗಿಗೆ ತಾಗಿದ ಸದ್ದಿಗೆ ಚಾವಣಿಯ ಪಾರಿವಾಳಗಳು ಹಾರಿಹೋದವು; ಅವುಗಳಲ್ಲಿ ಎರಡು ಇನ್ನೂ ಹಿಂದಿರುಗಿಲ್ಲ. ಮ್ಯಾನೇಜರು ನಿಂತಲ್ಲೇ ಕೂತರು. ಯಾರೋ ಆವೇಶದಲ್ಲಿ "ಒಂದು, ಎರಡು, ಮೂರು" ಎಂದು ಎಣಿಸಲು ಶುರುಮಾಡಿ, ಎಂಟಕ್ಕೆ ಬಂದಾಗ ನಾಚಿ ನಿಲ್ಲಿಸಿದರು.

ಹಾಲ್ ಗಪ್‌ಚಿಪ್. ಮಾಸ್ತರು ತಮ್ಮ ಮುಷ್ಟಿ ನೋಡಿಕೊಂಡರು. ಆಮೇಲೆ ಫೋಟೋ ನೋಡಿದರು.

"ನೋಡಿದ್ಯಾ ಅರದಣ್ಣ? ತಾಗ್ತು," ಎಂದರು. "ನೀನು ಹೇಳಿದ್ದೇ ಸರಿ. ಪಾದರಸನೇ ಗೆಲ್ತಾನೆ. ನಲವತ್ತು ರೌಂಡಾದ್ರೂ ಅವನೇ, ತೆಳು ಗ್ಲೌಸಾದ್ರೂ ಅವನೇ. ಎಲ್ರ ಮುಂದೆ ಒಪ್ಕೊಳ್ತೀನಿ. ನಾನು ಸೋತೆ ಕಣಪ್ಪ. ಕೇಳಿಸ್ತಾ? ನಾನು ಸೋತೆ."

ಇಷ್ಟು ಹೇಳಿ ಮೈಕಿನ ಕಂಬ ಹಿಡಿದು ಅತ್ತರು. ಬಣ್ಣದವ ಅತ್ತ. ಒರಳುಕಲ್ಲಿನ ಕಡೆಯವರು ಸೋತೆವೆಂದು ಅತ್ತರು, ಪಾದರಸನ ಕಡೆಯವರು ಗೆದ್ದೆವೆಂದು ಅತ್ತರು. ಪೆಟ್ಟಿಗೆ ಕಟ್ಟುವ ಹಗ್ಗಗಳೆಲ್ಲ ನೆನೆದು, ಮಾರನೆಯ ದಿನ ಬಿಸಿಲಿಗೆ ಹಾಕಬೇಕಾಯಿತು.

ಗುಮಾಸ್ತ ಮಾತ್ರ ಅಳಲಿಲ್ಲ. "ಇದನ್ನ ಸಂತಾಪ ನಿರ್ಣಯ ಅಂತಲೇ ಬರ್ಕೊಳ್ಲಾ?" ಎಂದು ಕೇಳಿದ.

"ಏನಾದ್ರೂ ಬರ್ಕೊಳ್ರೀ, ಮುಗಿಸ್ರೀ!" ಎಂದರು ಮ್ಯಾನೇಜರು, ಮೂಗಿಗೆ ಒತ್ತಿದ ಕರವಸ್ತ್ರದೊಳಗಿಂದ.

ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಂತರು. ಒರಳುಕಲ್ಲಿನ ವಿರುದ್ಧ ಪಾದರಸನ ಗೆಲುವು ಸರ್ವಾನುಮತದಿಂದ ಅಂಗೀಕಾರವಾಯಿತು.

ಮಾಸ್ತರ ಎದೆ ಹಗುರವಾಗಿತ್ತು. ಕೆಲಸ ಹೋದರೂ ಹೋಗಲಿ, ಋಣ ತೀರಿತು ಎನ್ನುವಷ್ಟು. ಜನ ಕರಗಿದ ಮೇಲೆ ಅತ್ತಿಗೆ ಹತ್ತಿರ ಬಂದರು. ಒಂದು ಒಳ್ಳೆಯ ಮಾತು ಕೇಳಲು ಮಾಸ್ತರು ತಲೆ ತಗ್ಗಿಸಿ ಸಿದ್ಧರಾದರು.

"ಏನ್ ಮಾಡ್ಬಿಟ್ರಿ ಮಾಸ್ತರೇ!"

"ಬೇಕಂತ ಹೊಡೆದಿದ್ದಲ್ಲ ಅತ್ತಿಗೆ. ಅವರೇ ಮೂಗು ತಂದು..."

"ಮೂಗು ಹಾಳಾಗ್ಲಿ. ಒಪ್ಕೊಂಡುಬಿಟ್ರಲ್ಲ!"

ಮಾಸ್ತರಿಗೆ ತಿಳಿಯಲಿಲ್ಲ. ಅತ್ತಿಗೆ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು.

"ಅವರಿಗೆ ಬಾಕ್ಸಿಂಗ್ ಅಂದ್ರೆ ಆಗ್ತಾನೇ ಇರ್ಲಿಲ್ಲ. ಅರ ತಾಗಿ ಬೆರಳಲ್ಲಿ ಒಂದು ಹನಿ ರಕ್ತ ಬಂದ್ರೆ ಕಣ್ಣು ಮುಚ್ಚಿ ನನ್ನ ಮುಂದೆ ಕೈ ಚಾಚೋರು. ನಿಮ್ಮ ಮನೆಯವಳು ತೀರಿಕೊಂಡ ವರ್ಷ ನೆನಪಿದೆಯಾ? ಎರಡು ತಿಂಗಳು ನೀವು ಯಾರ ಜೊತೇನೂ ಮಾತಾಡ್ಲಿಲ್ಲ. ಡಬ್ಬಿ ತಂದಿದ್ದು ಹಾಗೇ ವಾಪಸ್. 'ನನ್ನ ಎದುರಲ್ಲೇ ಮನುಷ್ಯ ಒಣಗಿ ಹೋಗ್ತಿದಾನೆ ಕಣೇ' ಅಂತ ಇವ್ರು ದಿನಾ ಬಂದು ಕೊರಗೋರು. ಒಂದಿನ ನಿಮ್ಮ ಸಾಮಾನಿನ ಪೆಟ್ಟಿಗೇಲಿ ಯಾವನೋ ಒರಳುಕಲ್ಲು ಅನ್ನೋನ ಚಿತ್ರ ಕಂಡ್ರಂತೆ. ಎಲ್ಲೋ ಕೇಳಿದ್ದ ಹೆಸರು ಹಿಡ್ಕೊಂಡು 'ಇವನೇನ್ರೀ, ಪಾದರಸನ ಮುಂದೆ ಸೊನ್ನೆ' ಅಂದ್ರಂತೆ. ನೀವು ಎದ್ದು ನಿಂತು ಅರ್ಧ ಗಂಟೆ ಬೈದ್ರಂತೆ. ಬೈದು ಹಸಿವಾಗಿ ಡಬ್ಬಿ ಖಾಲಿ ಮಾಡಿದ್ರಂತೆ. ಆ ಸಂಜೆ ಇವರ ಮುಖ ನೋಡ್ಬೇಕಿತ್ತು! ಅವತ್ತಿಂದ ಪ್ರತಿ ಭಾನುವಾರ ಗ್ರಂಥಾಲಯ. ವಾರಕ್ಕಾಗುವಷ್ಟು ಪಾದರಸನ್ನ ಗಟ್ಟು ಹೊಡ್ಕೊಂಡು ಬರೋರು, ಪರೀಕ್ಷೆಗೆ ಓದೋ ಹಾಗೆ."

ಮಾಸ್ತರು ತಕ್ಕಡಿಯ ಮೇಲಿನ ಫೋಟೋದ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹಾಗಾದ್ರೆ ಅವನ ಪ್ರಕಾರ... ನಿಜವಾಗಿ ಗೆಲ್ಲೋದು ಯಾರಂತೆ?"

"ಯಾರಾದ್ರೂ ಗೆಲ್ಲಲಿ, ಅವರಿಗೇನು? ಅವರಿಗಿದ್ದ ಭಯ ಒಂದೇ. 'ಮಾಸ್ತರು ಎಲ್ಲಾದ್ರೂ ಒಂದಿನ ಹೂಂ ಅಂದ್ಬಿಟ್ರೆ ಏನೇ ಗತಿ? ಮತ್ತೆ ಬಾಯಿ ಮುಚ್ಚಿ ಕೂತ್ಬಿಡ್ತಾರಲ್ಲ' ಅಂತ. ನೀವು ಅದನ್ನೇ ಮಾಡಿದ್ರಿ. ಅದೂ ಮೈಕಲ್ಲಿ!"

ಮಾಸ್ತರು ಓಡಿದರು. ಅವರ ಓಟ ಕಂಡಿದ್ದರೆ ಪಾದರಸ ಬಾಕ್ಸಿಂಗ್ ಬಿಟ್ಟುಬಿಡುತ್ತಿದ್ದ. ಸಂಘದ ಕೋಣೆಯಲ್ಲಿ ಗುಮಾಸ್ತ ಪುಸ್ತಕ ಮುಚ್ಚುವುದರಲ್ಲಿದ್ದ.

"ಅಳಿಸಿ! ನಾನು ಒಪ್ಪಲ್ಲ! ಒರಳುಕಲ್ಲೇ ಗೆಲ್ಲೋದು!"

"ಸರ್ವಾನುಮತದ ನಿರ್ಣಯ ಮಾಸ್ತರೇ, ಸುಮ್ನೆ ಅಳಿಸೋ ಹಾಗಿಲ್ಲ," ಎಂದ ಗುಮಾಸ್ತ. "ಸಂಘದ ನಿಯಮ ಅಂದ್ರೆ ನಿಯಮ. ಮತ್ತೆ ಚರ್ಚೆ ಆಗ್ಬೇಕು. ಪರ ಒಬ್ರು, ವಿರೋಧ ಒಬ್ರು." ಹೊಸ ಪುಟ ತಿರುಗಿಸಿ ಪೆನ್ನು ಹಿಡಿದ. "ಒರಳುಕಲ್ಲಿನ ಪರ ಮುಳ್ಳು ಮಾಸ್ತರು. ಬರ್ಕೊಂಡೆ. ಎದುರು ವಾದ ಮಾಡೋರು ಯಾರು? ಹೆಸರು ಹೇಳಿ."

ಮಾಸ್ತರು ಬಾಯಿ ತೆರೆದರು.

ಗುಮಾಸ್ತ ಕಾದ. ಹೊರಗೆ ಯಾರೋ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಕೊನೆಯ ಕುರ್ಚಿಯ ಸದ್ದೂ ನಿಂತಿತು. ಮಾಸ್ತರ ಬಾಯಿ ನಿಧಾನವಾಗಿ ಮುಚ್ಚಿಕೊಂಡಿತು.

ಗುಮಾಸ್ತ ತಲೆಯೆತ್ತದೆ ದುಂಡಗೆ ಬರೆದುಕೊಂಡ: 'ಎದುರಾಳಿ — ಯಾರೂ ಇಲ್ಲ.'